ನೆಲ ನುಣುಪು ಮಾಡುವ ಯಂತ್ರ ಮತ್ತು ನ್ಯೂಟನ್ನನ ಮೂರನೇ ನಿಯಮ



ಹೋದ ಬೇಸಿಗೆ ರಜೆಯಲ್ಲಿ ನನಗೊಂದು ಫೋನ್ ಬಂತು. ಏಳು ವರ್ಷದ ಹಿಂದೆ ನಮ್ಮ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿದ ಹುಡುಗ. ಈಗ ಹೊಸೂರಿನ ಸುತ್ತಮುತ್ತ ಏಳುತ್ತಿರುವ ಫ್ಯಾಕ್ಟರಿ ಶೆಡ್ಡು, ಗೋದಾಮುಗಳಲ್ಲಿ ಕಾಂಕ್ರೀಟ್ ನೆಲದ ಕೆಲಸ ಮಾಡುತ್ತಾನೆ.

"ಮಿಸ್, ಒಂದು ಡೌಟು. ಟ್ರೋವೆಲ್ ಮೆಷಿನ್ ಸ್ಟಾರ್ಟ್ ಮಾಡಿದೆ. ಕೆಳಗಿನ ಬ್ಲೇಡು ತಿರುಗೋದು ಬಿಟ್ಟು ಮೇಲಿನ ಹ್ಯಾಂಡಲ್ಲೇ ಗಿರಗಿರ ತಿರುಗಿ ಬಂದು ಸೊಂಟಕ್ಕೆ ಹೊಡೀತು. ಎಂಜಿನ್ನು ಪವರ್ ಕೊಡೋದು ಬ್ಲೇಡಿಗೆ ತಾನೆ? ಹ್ಯಾಂಡಲ್‌ಗೆ ಹೇಗೆ ಬಂತು?"

"ಪೆಟ್ಟು ಜೋರಾಗಿ ಬಿತ್ತೇನೋ?" ಅಂದೆ.

"ಎರಡು ವಾರ ಕೆಲಸ ಇಲ್ಲ ಮಿಸ್. ಅದಕ್ಕೇ ಪುರುಸೊತ್ತಾಗಿ ಫೋನ್ ಮಾಡಿದೆ."

ಅವನು ನಕ್ಕ. ನನಗೆ ನಗು ಬರಲಿಲ್ಲ. ಅವನ ತರಗತಿಗೆ ನ್ಯೂಟನ್ನನ ಮೂರನೇ ನಿಯಮ ಪಾಠ ಮಾಡಿದವಳು ನಾನೇ. ಬಂದೂಕು ಹಿಂದಕ್ಕೆ ಒದೆಯುವುದು, ರಾಕೆಟ್ ಮೇಲೇರುವುದು, ದೋಣಿಯಿಂದ ದಡಕ್ಕೆ ಹಾರಿದರೆ ದೋಣಿ ಹಿಂದೆ ಸರಿಯುವುದು, ಎಲ್ಲ ಹೇಳಿದ್ದೆ. ಅವನ ಜೀವನದಲ್ಲಿ ಬಂದೂಕೂ ಬರಲಿಲ್ಲ, ರಾಕೆಟ್ಟೂ ಬರಲಿಲ್ಲ. ಬಂದದ್ದು ಈ ಮೆಷಿನ್. ಅದರ ಪಾಠ ಅವತ್ತು ಆಗಿರಲಿಲ್ಲ, ಇವತ್ತು ಮಾಡೋಣ. ಕಾಸರಗೋಡಿನವರು, ಸೊಲ್ಲಾಪುರದವರು, ಆದೋನಿಯವರು, ತಾಳವಾಡಿಯವರು ಓದುವ ಪುಸ್ತಕ ಬೇರೆ ಬೇರೆ ಇರಬಹುದು. ನಿಯಮ ಎಲ್ಲರಿಗೂ ಒಂದೇ.

ಮೊದಲು ಯಂತ್ರದ ಪರಿಚಯ. ಮನೆ ಕಟ್ಟುವಾಗ ಮೇಸ್ತ್ರಿ ಕರಣೆ ಹಿಡಿದು ನೆಲ ಉಜ್ಜುವುದನ್ನು ನೋಡಿದ್ದೀರಿ. ದೊಡ್ಡ ಗೋದಾಮಿನ ನೆಲವನ್ನು ಹಾಗೆ ಕೈಯಲ್ಲಿ ಉಜ್ಜುತ್ತಾ ಕೂತರೆ ಅರ್ಧ ಮುಗಿಯುವುದರೊಳಗೆ ಉಳಿದರ್ಧ ಗಟ್ಟಿಯಾಗಿಬಿಡುತ್ತದೆ. ಅದಕ್ಕೆ ನಾಲ್ಕು ಕರಣೆಗಳನ್ನು ಸೀಲಿಂಗ್ ಫ್ಯಾನಿನ ರೆಕ್ಕೆಗಳ ಹಾಗೆ ಒಂದು ಅಕ್ಷಕ್ಕೆ ಜೋಡಿಸಿ, ಮೇಲೆ ಒಂದು ಪೆಟ್ರೋಲ್ ಎಂಜಿನ್ ಕೂರಿಸಿ, ಹಿಂದಕ್ಕೆ ಉದ್ದನೆಯ ಹ್ಯಾಂಡಲ್ ಕೊಟ್ಟರೆ ಟ್ರೋವೆಲ್ ಮೆಷಿನ್ ಆಯಿತು. ಬ್ಲೇಡುಗಳ ಸುತ್ತ ಕಬ್ಬಿಣದ ಬಳೆ ಇರುತ್ತದೆ, ಕಾಲು ಒಳಗೆ ಹೋಗದಿರಲಿ ಎಂದು. ನಡುಗಾತ್ರದ ಯಂತ್ರದ ತೂಕ ಸುಮಾರು 80 ಕಿಲೋಗ್ರಾಂ. ಹೊತ್ತು ಸಾಗಿಸುವಾಗ ಆ ಬಳೆಯನ್ನು ಹಿಡಿದು ಎತ್ತಬಾರದು, ಅದು ಭಾರ ಹೊರಲು ಮಾಡಿದ್ದಲ್ಲ.

ಈಗ ಹುಡುಗನ ಡೌಟಿಗೆ ಬರೋಣ. ನಿಮ್ಮ ಶಾಲೆಯ ಆಫೀಸಿನಲ್ಲಿ ತಿರುಗುವ ಕುರ್ಚಿ ಇದ್ದರೆ, ಹೆಡ್‌ಮಾಸ್ಟರ ಅನುಮತಿ ಕೇಳಿ, ಒಬ್ಬರು ಅದರ ಮೇಲೆ ಕೂತು ಕಾಲನ್ನು ನೆಲದಿಂದ ಎತ್ತಿ. ಸೊಂಟದ ಮೇಲಿನ ಮೈಯನ್ನು ಥಟ್ಟನೆ ಬಲಕ್ಕೆ ತಿರುಗಿಸಿ. ಕುರ್ಚಿ ಎಡಕ್ಕೆ ತಿರುಗುತ್ತದೆ. ನೀವು ಕುರ್ಚಿಯನ್ನು ತಳ್ಳಲೇ ಇಲ್ಲ, ಆದರೂ ತಿರುಗಿತು. ಒಂದು ಭಾಗವನ್ನು ಒಂದು ಕಡೆ ತಿರುಗಿಸಿದರೆ ಇನ್ನೊಂದು ಭಾಗಕ್ಕೆ ಅಷ್ಟೇ ತಿರುಗುಬಲ ಎದುರು ದಿಕ್ಕಿನಲ್ಲಿ ಬೀಳುತ್ತದೆ. ತಿರುಗುಬಲವನ್ನೇ ಟಾರ್ಕ್ ಎನ್ನುವುದು.

ಮೆಷಿನ್ನಿನಲ್ಲೂ ಅದೇ ಕಥೆ. ಎಂಜಿನ್ನು ಬ್ಲೇಡುಗಳನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸುತ್ತದೆ. ಅದೇ ಹೊತ್ತಿಗೆ ಬ್ಲೇಡುಗಳು ಎಂಜಿನ್ನನ್ನೂ ಅದಕ್ಕೆ ಅಂಟಿದ ಹ್ಯಾಂಡಲನ್ನೂ ಎದುರು ದಿಕ್ಕಿಗೆ ತಿರುಗಿಸಲು ನೋಡುತ್ತವೆ. ಬ್ಲೇಡುಗಳಿಗೆ ನೆಲದ ಘರ್ಷಣೆಯ ಹಿಡಿತ ಇದೆ. ಹ್ಯಾಂಡಲ್‌ಗೆ ಇರುವ ಹಿಡಿತ ನಿಮ್ಮ ಎರಡು ಕೈ ಮಾತ್ರ. ಕೈ ಇಲ್ಲದಿದ್ದರೆ? ಹಿಡಿತ ಇಲ್ಲದ್ದು ತಿರುಗುತ್ತದೆ. ಹುಡುಗನಿಗೆ ಆದದ್ದು ಇಷ್ಟೇ. ಪವರ್ ಹ್ಯಾಂಡಲ್‌ಗೆ "ಹೇಗೋ" ಬಂದದ್ದಲ್ಲ. ಪ್ರತಿದಿನ ಬರುತ್ತಲೇ ಇತ್ತು, ಪ್ರತಿದಿನ ಅವನ ಕೈ ತಡೆಯುತ್ತಿತ್ತು. ಅವತ್ತು ಕೈ ಅಲ್ಲಿರಲಿಲ್ಲ.

ಎಷ್ಟು ಬಲ ಅದು? ಲೆಕ್ಕ ಹಾಕಿ ನೋಡೋಣ, ಇದು ನನಗೆ ಬಹಳ ಇಷ್ಟವಾದ ಭಾಗ. ಯಂತ್ರದ ತೂಕದ ಬಲ 80 × 9.8, ಅಂದರೆ 784 ನ್ಯೂಟನ್. ಲೆಕ್ಕಕ್ಕಾಗಿ ಘರ್ಷಣಾಂಕ 0.5 ಅಂದುಕೊಂಡರೆ ಘರ್ಷಣಾ ಬಲ 392 ನ್ಯೂಟನ್. ಅದು ಅಕ್ಷದಿಂದ ಸರಾಸರಿ 0.3 ಮೀಟರ್ ದೂರದಲ್ಲಿ ಕೆಲಸ ಮಾಡಿದರೆ ಟಾರ್ಕ್ 392 × 0.3, ಸುಮಾರು 118 ನ್ಯೂಟನ್ ಮೀಟರ್. ಹ್ಯಾಂಡಲ್ ಹಿಡಿದ ಕೈ ಅಕ್ಷದಿಂದ 1.5 ಮೀಟರ್ ದೂರದಲ್ಲಿದೆ ಅಂದರೆ ಕೈಗೆ ಬೀಳುವ ಬಲ 118 ÷ 1.5, ಸುಮಾರು 79 ನ್ಯೂಟನ್. ಎಂಟು ಕಿಲೋ ಅಕ್ಕಿ ಚೀಲ ಹಿಡಿದಷ್ಟು. ಗಟ್ಟಿಮುಟ್ಟಾದ ಆಳಿಗೆ ಇದು ದೊಡ್ಡದಲ್ಲ. ಹ್ಯಾಂಡಲ್ ಯಾಕೆ ಅಷ್ಟುದ್ದ ಎಂಬುದಕ್ಕೂ ಇಲ್ಲೇ ಉತ್ತರ ಇದೆ. ಅದು ಅರ್ಧ ಮೀಟರ್ ಇದ್ದಿದ್ದರೆ ಕೈಗೆ ಮೂರು ಪಟ್ಟು ಬಲ ಬೀಳುತ್ತಿತ್ತು.

ಆದರೆ ಬ್ಲೇಡು ನೆಲದಿಂದ ಎದ್ದು ನಿಂತ ಒಂದು ಕಬ್ಬಿಣದ ಸರಳಿಗೋ ಪೈಪಿಗೋ ಸಿಕ್ಕಿಕೊಂಡಿತು ಅನ್ನಿ. ಆಗ ಘರ್ಷಣೆಯ ಮಿತಿ ಹೋಯಿತು, ಎಂಜಿನ್ನಿನ ಪೂರ್ತಿ ತಾಕತ್ತು ಲೆಕ್ಕಕ್ಕೆ ಬರುತ್ತದೆ. 5 ಅಶ್ವಶಕ್ತಿ ಅಂದರೆ 5 × 746, ಅಂದರೆ 3730 ವ್ಯಾಟ್. ಎಂಜಿನ್ ನಿಮಿಷಕ್ಕೆ 3600 ಸುತ್ತು ತಿರುಗುವಾಗ ಅದರ ಟಾರ್ಕ್ ಸುಮಾರು 10 ನ್ಯೂಟನ್ ಮೀಟರ್ ಮಾತ್ರ, ಕೈಯಲ್ಲೇ ತಡೆಯಬಹುದು ಅನ್ನಿಸುವಷ್ಟು ಚಿಕ್ಕದು. ಆದರೆ ನಡುವೆ ಗೇರ್ ಪೆಟ್ಟಿಗೆ ಇದೆ. ಅದು ವೇಗವನ್ನು 36 ಪಟ್ಟು ಇಳಿಸಿ ಬ್ಲೇಡನ್ನು ನಿಮಿಷಕ್ಕೆ 100 ಸುತ್ತಿಗೆ ತರುತ್ತದೆ ಅಂದುಕೊಳ್ಳಿ. ವೇಗ 36 ಪಟ್ಟು ಇಳಿದರೆ ಟಾರ್ಕ್ 36 ಪಟ್ಟು ಏರುತ್ತದೆ, ಸುಮಾರು 356 ನ್ಯೂಟನ್ ಮೀಟರ್. ಕೈಗೆ 237 ನ್ಯೂಟನ್, ಅಂದರೆ 24 ಕಿಲೋ ಭಾರ. ಗೇರಿನಲ್ಲಿ ಒಂದಿಷ್ಟು ಶಕ್ತಿ ಶಾಖವಾಗಿ ನಷ್ಟವಾಗುತ್ತದೆ, ಹಾಗಾಗಿ ನಿಜದಲ್ಲಿ ಇದಕ್ಕಿಂತ ಸ್ವಲ್ಪ ಕಡಿಮೆ. ಆದರೆ ಎಂಟು ಕಿಲೋ ಹಿಡಿದು ಆರಾಮಾಗಿ ನಿಂತವನ ಕೈಗೆ ಅದರ ಎರಡು ಮೂರು ಪಟ್ಟು ಭಾರ ಕಣ್ಣು ಮಿಟುಕಿಸುವುದರೊಳಗೆ ಬಂದು ಬಿದ್ದರೆ ಹ್ಯಾಂಡಲ್ ಜಾರದೆ ಇರುತ್ತದೆಯೇ? ಅದಕ್ಕೇ ಸರಳು, ಬೋಲ್ಟು, ಚರಂಡಿ ಮುಚ್ಚಳ, ಕಂಬದ ಬುಡ ಇರುವ ಜಾಗಕ್ಕೆ ತಿಳಿದ ಮೇಸ್ತ್ರಿಗಳು ಯಂತ್ರ ಒಯ್ಯುವುದಿಲ್ಲ. ಅಂಚನ್ನು ಇವತ್ತಿಗೂ ಕೈಕರಣೆಯಲ್ಲೇ ಉಜ್ಜುತ್ತಾರೆ.

ಹುಡುಗನಿಗೆ ಪೆಟ್ಟು ಬಿದ್ದದ್ದು ಸ್ಟಾರ್ಟ್ ಮಾಡುವಾಗ. ಏಕೆ ಎಂದು ತಿಳಿಯಬೇಕಾದರೆ ಗೇರಿಲ್ಲದ ಸ್ಕೂಟರನ್ನು ನೆನಪಿಸಿಕೊಳ್ಳಿ. ಸ್ಕೂಟರ್ ಸ್ಟಾರ್ಟ್ ಆಗಿ ಗುರುಗುಟ್ಟುತ್ತಾ ನಿಂತಿರುತ್ತದೆ, ಮುಂದೆ ಹೋಗುವುದಿಲ್ಲ. ಆಕ್ಸಿಲರೇಟರ್ ತಿರುಗಿಸಿದರೆ ಹೊರಡುತ್ತದೆ. ಒಳಗಿರುವ ಕ್ಲಚ್ಚಿನಲ್ಲಿ ಸ್ಪ್ರಿಂಗ್ ಹಿಡಿದಿಟ್ಟ ಚಿಕ್ಕ ತುಂಡುಗಳಿವೆ. ಎಂಜಿನ್ ನಿಧಾನವಿದ್ದಾಗ ಸ್ಪ್ರಿಂಗ್ ಅವನ್ನು ಒಳಗೇ ಎಳೆದುಕೊಂಡಿರುತ್ತದೆ. ವೇಗ ಹೆಚ್ಚಿದರೆ ಅವು ಹೊರಕ್ಕೆ ಸಿಡಿದು ಸುತ್ತಲಿನ ಬಟ್ಟಲನ್ನು ಒತ್ತಿ ಹಿಡಿದು ತಿರುಗಿಸುತ್ತವೆ. ಕವಣೆ ತಿರುಗಿಸಿದಾಗ ಕಲ್ಲು ಹೊರಕ್ಕೆ ಎಳೆದ ಹಾಗೆ. ಬಹಳಷ್ಟು ಟ್ರೋವೆಲ್ ಮೆಷಿನ್ನುಗಳಲ್ಲಿ ಇಂಥದೇ ಕ್ಲಚ್ ಇದೆ. ಥ್ರಾಟಲ್ ಕೆಳಗಿದ್ದರೆ ಎಂಜಿನ್ ಓಡುತ್ತದೆ, ಬ್ಲೇಡು ನಿಂತಿರುತ್ತದೆ.

ಈಗ ಎಡವಟ್ಟು ಎಲ್ಲಿದೆ ನೋಡಿ. ಸ್ಟಾರ್ಟ್ ಮಾಡುವ ಹಗ್ಗ ಇರುವುದು ಎಂಜಿನ್ನಿನ ಹತ್ತಿರ. ಹಗ್ಗ ಎಳೆಯುವವನ ಎರಡು ಕೈಯೂ ಅಲ್ಲಿ, ಹ್ಯಾಂಡಲ್ ಬಳಿ ಯಾರೂ ಇಲ್ಲ. ಹಿಂದಿನ ದಿನ ಯಾರೋ ಕೆಲಸ ನಿಲ್ಲಿಸುವಾಗ ಥ್ರಾಟಲನ್ನು ಅರ್ಧಕ್ಕೇ ಬಿಟ್ಟು ಸ್ವಿಚ್ ಆರಿಸಿದ್ದರು. ಹುಡುಗ ನೋಡಲಿಲ್ಲ. ಎಳೆದ ಒಂದೇ ಏಟಿಗೆ ಎಂಜಿನ್ ಹತ್ತಿತು, ವೇಗ ಏರಿತು, ಕ್ಲಚ್ ಕಚ್ಚಿತು, ಹ್ಯಾಂಡಲ್ ತಿರುಗಿತು. ಇಡೀ ಯಂತ್ರದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳಬಹುದು ಅಂದರೆ ಇದನ್ನೇ ಇಟ್ಟುಕೊಳ್ಳಿ: ಹಗ್ಗ ಮುಟ್ಟುವ ಮೊದಲು ಥ್ರಾಟಲ್ ಪೂರ್ತಿ ಕೆಳಗೆ.

ಸರಿಯಾದ ಕ್ರಮ ಹೀಗಿರುತ್ತದೆ. ಯಂತ್ರ ಸಮತಟ್ಟಾದ ಜಾಗದಲ್ಲಿರುವಾಗ, ಎಂಜಿನ್ ನಿಂತಿರುವಾಗಲೇ, ಆಯಿಲ್ ನೋಡಬೇಕು. ಓರೆಯಾಗಿ ನಿಂತ ಯಂತ್ರದಲ್ಲಿ ಆಯಿಲ್ ಮಟ್ಟ ಸುಳ್ಳು ಹೇಳುತ್ತದೆ. ಬ್ಲೇಡಿನ ಬೋಲ್ಟು, ಸುತ್ತಲಿನ ಬಳೆ ಸಡಿಲವಾಗಿದೆಯಾ ಎಂದು ನೋಡಬೇಕು. ಹ್ಯಾಂಡಲ್ ಒಂದು ಸುತ್ತು ಬಂದರೆ ಎಷ್ಟು ದೂರ ತಾಗುತ್ತದೋ ಆ ವೃತ್ತದೊಳಗೆ ಬೇರೆ ಯಾರೂ ನಿಲ್ಲಬಾರದು. ಪೆಟ್ರೋಲ್ ಕಾಕ್ ತೆರೆದು, ಎಂಜಿನ್ ತಣ್ಣಗಿದ್ದರೆ ಚೋಕ್ ಹಾಕಬೇಕು. ತಣ್ಣಗಿರುವಾಗ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಅದಕ್ಕೆ ಗಾಳಿಯನ್ನು ಕಡಿಮೆ ಮಾಡಿ ಪೆಟ್ರೋಲ್ ಪ್ರಮಾಣ ಹೆಚ್ಚಿಸುವುದೇ ಚೋಕಿನ ಕೆಲಸ. ಆಮೇಲೆ ಥ್ರಾಟಲ್ ಇನ್ನೊಮ್ಮೆ ನೋಡಿ, ಸ್ವಿಚ್ ಹಾಕಿ, ಹಗ್ಗವನ್ನು ಮೊದಲು ಮೆಲ್ಲಗೆ ಎಳೆಯಬೇಕು. ಒಂದು ಹಂತದಲ್ಲಿ ಬಿಗಿಯಾಗುತ್ತದೆ, ಅದು ಸಿಲಿಂಡರಿನಲ್ಲಿ ಗಾಳಿ ಒತ್ತಿಕೊಂಡ ಗುರುತು. ಅಲ್ಲಿಂದ ಜೋರಾಗಿ ಎಳೆಯಬೇಕು. ಎಳೆದ ಹಗ್ಗವನ್ನು ಫಟ್ಟನೆ ಬಿಡದೆ ಕೈಯಲ್ಲೇ ಒಳಗೆ ಕಳಿಸಬೇಕು. ಇಷ್ಟೂ ಹೊತ್ತು ಕಾಲು ಬಳೆಯ ಹೊರಗೇ ಇರಬೇಕು. ಎಂಜಿನ್ ಬೆಚ್ಚಗಾದ ಮೇಲೆ ಚೋಕ್ ತೆಗೆಯಬೇಕು. ಮುಂದಿನ ಕೆಲಸವನ್ನು ಮಾತ್ರ ಹೆಚ್ಚಿನವರು ಮಾಡುವುದೇ ಇಲ್ಲ: ಕೆಲಸ ಶುರು ಮಾಡುವ ಮೊದಲು ನಿಲ್ಲಿಸುವ ಸ್ವಿಚ್ ಒಮ್ಮೆ ಒತ್ತಿ, ಎಂಜಿನ್ ನಿಜಕ್ಕೂ ನಿಲ್ಲುತ್ತದಾ ಎಂದು ನೋಡುವುದು. ನಿಲ್ಲಿಸಲು ಬಾರದ ಯಂತ್ರವನ್ನು ಓಡಿಸುವುದು ಎಂಥ ಧೈರ್ಯ ಹೇಳಿ.

ಇನ್ನು ಓಡಿಸುವುದು. ಈ ಯಂತ್ರಕ್ಕೆ ಚಕ್ರ ಇಲ್ಲ, ಸ್ಟಿಯರಿಂಗ್ ಇಲ್ಲ. ಹೊಸಬರು ಅದನ್ನು ದನ ನೂಕಿದ ಹಾಗೆ ನೂಕುತ್ತಾರೆ, ಬೆವರು ಸುರಿಸುತ್ತಾರೆ. ಪಳಗಿದವರು ಹ್ಯಾಂಡಲನ್ನು ಒಂದಿಷ್ಟು ಒತ್ತಿದರೆ ಅದು ಬಲಕ್ಕೆ ಹೋಗುತ್ತದೆ, ಒಂದಿಷ್ಟು ಎತ್ತಿದರೆ ಎಡಕ್ಕೆ. ಮೇಲೆ ಕೆಳಗೆ ಮಾಡಿದರೆ ಎಡ ಬಲ ಯಾಕೆ ಹೋಗಬೇಕು?

ನೋಟ್‌ಬುಕ್ಕಿನಲ್ಲಿ ಒಂದು ಗಡಿಯಾರ ಬರೆಯಿರಿ. ನೀವು 6ರ ಕಡೆ ಹ್ಯಾಂಡಲ್ ಹಿಡಿದು ನಿಂತಿದ್ದೀರಿ. ಬ್ಲೇಡು ಮುಳ್ಳಿನ ದಿಕ್ಕಿಗೆ ತಿರುಗುತ್ತಿದೆ. 12ರ ಹತ್ತಿರ ಬ್ಲೇಡು ನಿಮ್ಮ ಬಲಕ್ಕೆ ಹೋಗುತ್ತದೆ, 3ರ ಹತ್ತಿರ ನಿಮ್ಮ ಕಡೆಗೆ ಬರುತ್ತದೆ, 6ರ ಹತ್ತಿರ ಎಡಕ್ಕೆ ಹೋಗುತ್ತದೆ, 9ರ ಹತ್ತಿರ ನಿಮ್ಮಿಂದ ದೂರ. ಎಲ್ಲ ಕಡೆ ಒತ್ತಡ ಸಮ ಇದ್ದರೆ ಎದುರುಬದುರಿನ ಘರ್ಷಣೆಗಳು ಒಂದನ್ನೊಂದು ಕಳೆದುಕೊಂಡು ಯಂತ್ರ ಇದ್ದಲ್ಲೇ ಇರುತ್ತದೆ. ಹ್ಯಾಂಡಲ್ ಒತ್ತಿದಿರಿ ಅಂದರೆ 6ರ ಕಡೆ ಭಾರ ಹೆಚ್ಚಿತು. ಅಲ್ಲಿ ಬ್ಲೇಡು ನೆಲವನ್ನು ಎಡಕ್ಕೆ ತಳ್ಳುತ್ತಿದೆ, ಹಾಗಾದರೆ ನೆಲ ಬ್ಲೇಡನ್ನು ಬಲಕ್ಕೆ ತಳ್ಳಬೇಕು. ಯಂತ್ರ ಬಲಕ್ಕೆ ಹೋಯಿತು! ಎತ್ತಿದರೆ 12ರ ಕಡೆ ಭಾರ, ಎಡಕ್ಕೆ ಹೋಯಿತು. ಪಾತ್ರೆ ಉಜ್ಜುವ ದುಂಡನೆಯ ಬ್ರಷ್ಷನ್ನು ಒದ್ದೆ ಕಲ್ಲಿನ ಮೇಲಿಟ್ಟು, ನಿಮ್ಮ ಕಡೆಯ ಅಂಚನ್ನು ಒತ್ತಿ ಬಲಸುತ್ತು ತಿರುಗಿಸಿ ನೋಡಿ, ಕೈ ಯಾವ ಕಡೆ ಜಾರುತ್ತದೆ ಅಂತ.

ಹೊಡೆಯಲು ಬಂದ ಮೂರನೇ ನಿಯಮವೇ ಇಲ್ಲಿ ಸ್ಟಿಯರಿಂಗ್ ಆಗಿ ದುಡಿಯುತ್ತಿದೆ.

ಸಾಮಾನ್ಯವಾಗಿ ಹಿಂದಕ್ಕೆ ನಡೆಯುತ್ತಾ, ಎಡ ಬಲ ಬೀಸುತ್ತಾ ಕೆಲಸ ಮಾಡುತ್ತಾರೆ. ಮುಂದಕ್ಕೆ ಹೋದರೆ ತಮ್ಮ ಹೆಜ್ಜೆ ಗುರುತು ಉಜ್ಜಿದ ನೆಲದ ಮೇಲೇ ಉಳಿಯುತ್ತದೆ. ಹಿಂದೆ ನಡೆಯುವವನಿಗೆ ಹಿಂದಿನ ಗುಂಡಿ ಕಾಣುವುದಿಲ್ಲ. ಆದ್ದರಿಂದ ಶುರು ಮಾಡುವ ಮೊದಲೇ ಆ ದಾರಿಯಲ್ಲಿ ಒಮ್ಮೆ ನಡೆದು ನೋಡಿಕೊಳ್ಳಬೇಕು. ಕೊರಳಿಗೆ ಟವೆಲ್ಲು, ಲುಂಗಿ, ಸಡಿಲ ಅಂಗಿ ಬೇಡ. ಗಟ್ಟಿ ಬೂಟು ಬೇಕು. ಕೈಯಳತೆ ದೂರದಲ್ಲಿರುವವನ ಜೊತೆ ಕೂಗಿ ಮಾತಾಡಬೇಕಾದರೆ ಆ ಸದ್ದು ಕಿವಿಗೆ ಕೆಟ್ಟದ್ದು, ಕಿವಿಗೆ ರಕ್ಷಣೆ ಬೇಕೇ ಬೇಕು.

ಹ್ಯಾಂಡಲ್ ಕೈತಪ್ಪಿತು ಅನ್ನಿ. ಮನುಷ್ಯನ ಮೊದಲ ಬುದ್ಧಿ ಅದನ್ನು ಹಿಡಿಯಲು ಹೋಗುವುದು. ಹಿಡಿಯಬಾರದು. ಹಿಂದಕ್ಕೆ ಸರಿಯಬೇಕು. ಈಗಿನ ಯಂತ್ರಗಳಲ್ಲಿ ಹ್ಯಾಂಡಲ್ ಮೇಲೆ ಒಂದು ಲಿವರ್ ಇರುತ್ತದೆ, ಒತ್ತಿ ಹಿಡಿದಿದ್ದಷ್ಟು ಹೊತ್ತು ಮಾತ್ರ ಬ್ಲೇಡು ತಿರುಗುತ್ತದೆ. ಕೈ ಬಿಟ್ಟರೆ ನಿಲ್ಲುತ್ತದೆ. ಕೆಲವು ಯಂತ್ರಗಳಲ್ಲಿ ಹ್ಯಾಂಡಲ್ ವೇಗವಾಗಿ ತಿರುಗಿದರೆ ತಾನೇ ಎಂಜಿನ್ ಆರಿಸುವ ಸ್ವಿಚ್ಚೂ ಇದೆ. ಕೈ ನೋಯುತ್ತದೆ ಎಂದು ಆ ಲಿವರನ್ನು ಬಟ್ಟೆ ಸುತ್ತಿ, ತಂತಿ ಬಿಗಿದು ಕಟ್ಟಿಬಿಡುವವರಿದ್ದಾರೆ. ಬ್ರೇಕ್ ತೆಗೆದಿಟ್ಟು ಸೈಕಲ್ ಓಡಿಸುವುದಕ್ಕೂ ಇದಕ್ಕೂ ನನಗೇನೂ ವ್ಯತ್ಯಾಸ ಕಾಣುವುದಿಲ್ಲ.

ಯಾವಾಗ ಯಂತ್ರ ಇಳಿಸಬೇಕು ಎನ್ನುವುದಕ್ಕೆ ಮೇಸ್ತ್ರಿಗಳ ಪರೀಕ್ಷೆ ಸರಳ. ಕಾಂಕ್ರೀಟ್ ಹಾಕಿದ ಮೇಲೆ ಮೇಲಕ್ಕೆ ಬಂದ ನೀರು ಹೋಗಿರಬೇಕು, ಬೂಟು ಇಟ್ಟರೆ ಗುರುತು 3ರಿಂದ 6 ಮಿಲಿಮೀಟರ್ ಮಾತ್ರ ಇಳಿಯಬೇಕು. ನೀರು ನಿಂತಿರುವಾಗ ಅದರ ಮೇಲೆ ಒಣ ಸಿಮೆಂಟ್ ಚಿಮುಕಿಸಿ ಉಜ್ಜಿದರೆ ಆಗ ಚೆನ್ನಾಗಿ ಕಾಣುತ್ತದೆ, ಮುಂದೆ ಮೇಲ್ಪದರ ಪುಡಿಪುಡಿಯಾಗಿ ಏಳುತ್ತದೆ. ಮೊದಲ ಸುತ್ತಿಗೆ ಬ್ಲೇಡು ಚಪ್ಪಟೆಯಾಗಿ, ನಿಧಾನವಾಗಿ. ಆಮೇಲಿನ ಸುತ್ತುಗಳಿಗೆ ಬ್ಲೇಡನ್ನು ಸ್ವಲ್ಪ ಸ್ವಲ್ಪ ಓರೆ ಮಾಡುತ್ತಾ ಹೋಗುತ್ತಾರೆ. ಅದೇ 784 ನ್ಯೂಟನ್ ಬಲ, ತಾಗುವ ಜಾಗ ಐದನೇ ಒಂದು ಭಾಗಕ್ಕೆ ಇಳಿದರೆ ಒತ್ತಡ ಐದು ಪಟ್ಟು. ನುಣುಪು ಬರುವುದು ಹೀಗೆ.

ಕಣ್ಣಿಗೆ ಕಾಣದ ಅಪಾಯಗಳೂ ಇವೆ. ಗೋಡೆ ಎದ್ದು ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ರಾತ್ರಿಯಿಡೀ ಪೆಟ್ರೋಲ್ ಎಂಜಿನ್ ಓಡಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು ಬಂದರೆ ನಿದ್ದೆ ಕಡಿಮೆಯಾಯ್ತು ಅಂದುಕೊಂಡು ಟೀ ಕುಡಿದು ಮತ್ತೆ ಒಳಗೆ ಹೋಗುತ್ತಾರೆ. ಹೋಗಬೇಕಾದದ್ದು ಹೊರಗೆ, ಗಾಳಿಗೆ. ಪೆಟ್ರೋಲ್ ತುಂಬುವುದೂ ಹೊರಗೇ, ಎಂಜಿನ್ ಆರಿಸಿ, ತಣ್ಣಗಾದ ಮೇಲೆ. ಪೆಟ್ರೋಲಿನ ಆವಿ ಮೈನಸ್ 40 ಡಿಗ್ರಿ ಸೆಲ್ಸಿಯಸ್‌ನಲ್ಲೂ ಕಿಡಿ ಸಿಕ್ಕರೆ ಹತ್ತಿಕೊಳ್ಳಬಲ್ಲದು, ನಮ್ಮ ಬೇಸಿಗೆಯ ಮಾತು ಕೇಳಬೇಕೆ! ಒದ್ದೆ ಸಿಮೆಂಟ್ ಗಟ್ಟಿ ಪ್ರತ್ಯಾಮ್ಲ, ಪಿಎಚ್ 12ರಿಂದ 13. ಬೂಟಿನೊಳಗೆ ಇಳಿದರೆ ಆಗಲೇ ಉರಿಯುವುದಿಲ್ಲ, ಸಂಜೆ ಬೂಟು ಬಿಚ್ಚಿದಾಗ ಚರ್ಮ ಸುಟ್ಟಿರುವುದು ಗೊತ್ತಾಗುತ್ತದೆ. ತಾಗಿದ ತಕ್ಷಣ ಧಾರಾಳ ನೀರಿನಲ್ಲಿ ತೊಳೆಯಬೇಕು.

ಕೆಲಸ ಮುಗಿದ ಮೇಲೆ ಥ್ರಾಟಲ್ ಇಳಿಸಿ, ಬ್ಲೇಡು ನಿಂತ ಮೇಲೆ ಸ್ವಿಚ್ ಆರಿಸಿ, ಪೆಟ್ರೋಲ್ ಕಾಕ್ ಮುಚ್ಚಬೇಕು. ಬ್ಲೇಡು ತೊಳೆಯಲು ಕೈ ಹಾಕುವ ಮೊದಲು ಸ್ಪಾರ್ಕ್ ಪ್ಲಗ್ಗಿನ ವೈರ್ ಕಿತ್ತಿಡಬೇಕು. ಬ್ಲೇಡನ್ನು ಕೈಯಲ್ಲಿ ತಿರುಗಿಸುವಾಗ ಎಂಜಿನ್ ಹತ್ತಿಕೊಳ್ಳಲು ದಾರಿಯೇ ಇರಬಾರದು.

ರಜೆಯಲ್ಲಿ ಅಣ್ಣನ ಜೊತೆ, ಮಾವನ ಜೊತೆ ಸೈಟಿಗೆ ಹೋಗುವ ಹುಡುಗರು ನಮ್ಮ ಗಡಿ ಶಾಲೆಗಳಲ್ಲಿ ಇದ್ದಾರೆ, ನನಗೆ ಗೊತ್ತು. ಯಾರಾದರೂ "ಸ್ವಲ್ಪ ಹಿಡ್ಕೊಳ್ಳೋ, ಟೀ ಕುಡಿದು ಬರ್ತೀನಿ" ಅಂದರೆ ಕೈ ಕೊಡಬೇಡಿ. ಕಟ್ಟಡ ಕಾರ್ಮಿಕ ಫಲಾನುಭವಿಯಾಗಿ ಹೆಸರು ನೋಂದಾಯಿಸಿಕೊಳ್ಳಲು 18 ತುಂಬಿರಬೇಕು. ಅದಕ್ಕಿಂತ ಚಿಕ್ಕವರಿಗೆ ಪೆಟ್ಟಾದರೆ ಆ ನೋಂದಣಿಯ ಆಸರೆಯೂ ಇಲ್ಲ. ಮೇಲಿನ 24 ಕಿಲೋ ಲೆಕ್ಕವನ್ನು ನಿಮ್ಮ ತೂಕದ ಪಕ್ಕ ಇಟ್ಟು ನೋಡಿ.

ಹುಡುಗ ವಾಸಿಯಾದ ಮೇಲೆ ಒಂದು ಭಾನುವಾರ ನಾನೇ ಹೋಗಿ ಅವನ ಕೆಲಸ ನೋಡಿ ಬಂದೆ. ಥ್ರಾಟಲ್ ಪೂರ್ತಿ ಇಳಿದಾಗ ಎಲ್ಲಿ ನಿಲ್ಲುತ್ತದೋ ಅಲ್ಲಿ ಬಿಳಿ ಪೇಂಟಿನಲ್ಲಿ ಒಂದು ಗೀರು ಎಳೆದಿದ್ದ. "ಭಾಷೆ ಬಾರದವರಿಗೂ ಗೊತ್ತಾಗ್ಲಿ ಅಂತ ಮಿಸ್" ಅಂದ. ಅವನ ಗುಂಪಿನಲ್ಲಿ ತಮಿಳು, ಹಿಂದಿ, ತೆಲುಗು, ಕನ್ನಡ ಎಲ್ಲ ಇತ್ತು. ಪಕ್ಕದ ಶೆಡ್ಡಿನಲ್ಲಿ ಇನ್ನೂ ದೊಡ್ಡ ಯಂತ್ರ, ಮೇಲೆ ಕುರ್ಚಿ ಹಾಕಿ ಕೂತು ಓಡಿಸುವಂಥದ್ದು. ಕೆಳಗೆ ಎರಡು ಬ್ಲೇಡು ಚಕ್ರ, ಹಿಂದೆ ಹ್ಯಾಂಡಲ್ಲೇ ಇಲ್ಲ. "ಇದು ಯಾಕೆ ಕೂತವನನ್ನ ತಿರುಗಿಸೋಲ್ಲ ಮಿಸ್?" ಅಂದ. ಎರಡು ಚಕ್ರ ಯಾವ ಯಾವ ದಿಕ್ಕಿಗೆ ತಿರುಗುತ್ತವೆ ನೋಡಿ ಹೇಳು ಅಂದೆ. ಬಗ್ಗಿ ನೋಡಿದ, ನಕ್ಕ.

ಈಗ ನಿಮಗೆ ಮೂರು ಪ್ರಶ್ನೆ. ಆ ಎರಡು ಚಕ್ರಗಳು ಹೇಗೆ ತಿರುಗುತ್ತಿದ್ದವು? ಹೆಲಿಕಾಪ್ಟರಿನ ಬಾಲದಲ್ಲಿ ಪಕ್ಕಕ್ಕೆ ಮುಖ ಮಾಡಿದ ಚಿಕ್ಕ ಫ್ಯಾನ್ ಯಾಕಿದೆ? ನಮ್ಮ ಗಡಿಯಾರದ ಚಿತ್ರದಲ್ಲಿ ಹ್ಯಾಂಡಲನ್ನು ತಿರುಚಿ 3ರ ಕಡೆ ಭಾರ ಹಾಕಿದರೆ ಯಂತ್ರ ಯಾವ ಕಡೆ ಹೋಗುತ್ತದೆ? ಚಿತ್ರ ಬರೆದು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.